ಗೋಡೆ ದಾಟಿದ ಹಾಡು

ಗೊಬೆರನ ಕೋಣೆಗೂ ಎಮ್ಲಿನಳ ಹೆಂಡದಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೇಣದಬತ್ತಿ ಹಬ್ಬದ ಬೆಳಿಗ್ಗೆ ಪೀಪಾಯಿ ತೊಳೆಯುತ್ತ ಅವಳು ಹಾಡಿದ ಕುರಿಗಾಹಿ ಹುಡುಗಿಯ ಪ್ರೇಮಗೀತೆ ಗೋಡೆ ದಾಟಿ ಬಂದು, ಕರೆಯದ ನೆಂಟನಂತೆ ಅವನ ತಲೆಯಲ್ಲಿ ಕಾಲು ಚಾಚಿ ಕೂತಿತು.

ಗೊಬೆರ್ ಪಿಕಾರ್ದಿ ಸೀಮೆಯ ಆ ಊರಿನ ಚರ್ಚಿನ ಗಾಯಕ. ಕೆಳದನಿ ಅವನದು. ಒಂದೊಂದು ಸ್ವರವನ್ನೂ ಉಸಿರಿರುವಷ್ಟು ಹೊತ್ತು ಎಳೆದು ಹಿಡಿಯಬೇಕು. ಮೇಲ್ದನಿಯವರು ಅದನ್ನೇ ಆಧಾರವಾಗಿಟ್ಟುಕೊಂಡು ಚುರುಕು ಸ್ವರಗಳಲ್ಲಿ ಓಡಾಡುತ್ತಾರೆ. ಹಿಂದಿನ ತಿಂಗಳು ಎರಡು ಸಲ ತಪ್ಪಿದ್ದ. "ಇನ್ನೊಂದು ಸಲ ತಪ್ಪಿದ್ರೆ ಚರ್ಚಿನ ರೊಟ್ಟೀನೂ ಇಲ್ಲ, ಕೋಣೇನೂ ಇಲ್ಲ" ಎಂದಿದ್ದರು ಗಾಯಕರ ಮುಖ್ಯಸ್ಥ ಫಾದರ್ ವೊಟಿಯೆ. ಇವತ್ತು ಬಿಷಪ್ಪರು ಬೇರೆ ಬಂದಿದ್ದರು.

"ಕಿವಿಗೆ ಮೇಣ ತುಂಬ್ಕೊ" ಎಂದಳು ದಾರಿಯಲ್ಲಿ ಅವನ ಗೋಳು ಕೇಳಿದ, ಮೇಣದಬತ್ತಿ ಮಾರುವ ಮಾಯೊ.

"ಹಾಡು ಒಳಗಿದೆ ಅಕ್ಕಾ. ಹೊರಗೆ ಹೋಗೋ ದಾರೀನೂ ಮುಚ್ಚಲಾ?"

"ಪೂರ್ತಿ ಹಾಡಿ ಮುಗಿಸ್ಬಿಡೋ ಮಾರಾಯ, ತಾನೇ ಹೋಗತ್ತೆ" ಎಂದ ಮೇಲ್ದನಿಯ ರೆನಿಯೆ. ಚರ್ಚಿನ ಬಾಗಿಲ ತನಕ ಗೊಬೆರ್ ಏಳು ಸಲ ಹಾಡಿದ. ಅದು ಹೋಗಲಿಲ್ಲ, ರೆನಿಯೆಗೂ ಅಂಟಿತು.

ಪ್ರಾರ್ಥನೆ ಶುರುವಾಯಿತು. ಗೊಬೆರ್ ಬಾಯಿ ತೆರೆದ. ಮಾತು "ಕರ್ತನೇ, ಕನಿಕರಿಸು" ಎಂದೇ ಇತ್ತು. ರಾಗ ಮಾತ್ರ ಕುರಿಗಾಹಿಯದು, ಎತ್ತಿನ ಗಾಡಿಯಷ್ಟು ನಿಧಾನ. ರೆನಿಯೆ ದಾರಿ ಕಾಣದೆ ಅದನ್ನೇ ಹಿಂಬಾಲಿಸಿದ. ಫಾದರ್ ವೊಟಿಯೆಯ ಮುಖ ಬೀಟ್‌ರೂಟ್ ಆಯಿತು.

ಬಿಷಪ್ಪರು ಕಣ್ಣೊರೆಸಿಕೊಂಡರು. "ಎಷ್ಟು ಪಾವನ! ಹರೆಯದಲ್ಲಿ ಎಲ್ಲೋ ಕೇಳಿದ್ದೆ, ಎಲ್ಲಿ ಅಂತ ನೆನಪಾಗ್ತಿಲ್ಲ."

"ನಮ್ಮ ಚರ್ಚಿನ ಪುರಾತನ ಸ್ತೋತ್ರ, ಪ್ರಭು" ಎಂದರು ಫಾದರ್, ರೆಪ್ಪೆ ಮಿಟುಕಿಸದೆ.

"ಇನ್ಮೇಲೆ ಪ್ರತಿ ಹಬ್ಬಕ್ಕೂ ಇದೇ ಇರಲಿ."

ಜೀವ ಬಂದಂತಾದ ಗೊಬೆರ್ ನೇರವಾಗಿ ಎಮ್ಲಿನಳ ಅಂಗಡಿಗೆ ಹೋದ. ಒಂದು ಲೋಟ ಇಳಿಯಿತು. ಸುತ್ತಲಿದ್ದವರು ಅದೇ ಹಾಡು ಎತ್ತಿಕೊಂಡರು. ಇವನು ಮೇಜು ಕುಟ್ಟುತ್ತ ದನಿ ಸೇರಿಸಿದ. ತಮಗೇ ಗೊತ್ತಿಲ್ಲದ ಆ ಸ್ತೋತ್ರದ ರಾಗ ಬರೆದುಕೊಳ್ಳಲು ಅವನನ್ನು ಹುಡುಕಿ ಬಂದ ಫಾದರ್ ಬಾಗಿಲಲ್ಲೇ ನಿಂತರು.

"ಪಾಪಿ! ಬಿಷಪ್ಪರು ಕಣ್ಣೀರಿಟ್ಟ ಸ್ತೋತ್ರ ಹೆಂಡದಂಗಡೀಲಿ! ಅದಕ್ಕೆ ಕುರಿ ಕಾಯೋಳ ಮಾತು ಬೇರೆ ಸೇರಿಸಿದ್ದೀಯಾ?"

"ಫಾದರ್, ಇದು ಮೊದಲಿಂದ್ಲೂ..." ಎಂದ ಗೊಬೆರ್ ಅಲ್ಲಿಗೇ ನಿಲ್ಲಿಸಿದ. ಹಾಡು ಹೆಂಡದಂಗಡಿಯದೆಂದರೆ, ಬೆಳಿಗ್ಗೆ ದೇವರ ಮುಂದೆ ಹಾಡಿದ್ದೇನು ಎಂಬ ಪ್ರಶ್ನೆ ಬರುತ್ತದೆ.

"ಕೋಣೆ ಖಾಲಿ ಮಾಡು. ಈ ಅಂಗಡೀಲಿ ಇನ್ನು ಯಾರೂ ಇದನ್ನ ಹಾಡ್ಕೂಡದು."

ಸಂಜೆಯ ಹೊತ್ತಿಗೆ ಗೊಬೆರ್ ಹೊಟ್ಟೆಪಾಡಿಗೆ ಗೋಡೆಯ ಈಚೆ, ಅಂಗಡಿಯ ಬದಿಯಲ್ಲಿ ಎಮ್ಲಿನಳ ಪೀಪಾಯಿ ತೊಳೆಯುತ್ತಿದ್ದ, ತುಟಿ ಬಿಗಿಹಿಡಿದು. ಆಚೆ ಬದಿಯ ಕೋಣೆಗೆ ಆಗಲೇ ರೆನಿಯೆ ಬಂದಿದ್ದ. ಮುಂದಿನ ಹಬ್ಬಕ್ಕೆಂದು ಅದೇ ರಾಗವನ್ನು ಎಳೆದೆಳೆದು ಅಭ್ಯಾಸ ಮಾಡುತ್ತಿದ್ದ.