ರಾಮಾಂಜನೇಯನ ಕಾಯಿಲೆ

ರೋಗಿಯ ಕಾಯಿಲೆಯ ವಿಷಯವನ್ನು ಊರವರ ಮುಂದೆ ಬಾಯಿಬಿಡಬಾರದು. ಈ ಒಂದು ನಿಯಮವೇ ರಾಮಾಂಜನೇಯನ ಮಾನ ಕಳೆಯಿತು.

ಅವನು ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಚಳ್ಳಕೆರೆಯಲ್ಲಿ ತಿಂಗಳಿಗೊಮ್ಮೆ ನಡೆಯುವ ಶಿಬಿರದಲ್ಲಿ ಡಾಕ್ಟರ ಪಕ್ಕ ಕೂತು ಎಲ್ಲವನ್ನೂ ಬರೆದುಕೊಳ್ಳುವುದು ಅವನ ಕೆಲಸ. ರಾಂಪುರದ ಕಡೆಯ ಹಟ್ಟಿಯೊಂದರ ಪಾತಣ್ಣ ಎರಡು ಶಿಬಿರಗಳಿಗೆ ಬಂದಿರಲಿಲ್ಲ. ಮಾತ್ರೆ ನಿಂತರೆ ಕಾಯಿಲೆ ಮರಳುವ ಅಪಾಯ ಹೆಚ್ಚು. ಇವತ್ತಿನ ಶಿಬಿರ ಮುಗಿದು ಸಂಜೆ ಡಾಕ್ಟರು ಹೊರಡುವುದರೊಳಗೆ ಅವನನ್ನು ಕರೆತರಲೇಬೇಕೆಂದು ರಾಮಾಂಜನೇಯ ಬಸ್ಸು ಹತ್ತಿದ.

ದೇವರಿಗೆ ಬಿಟ್ಟ ಎತ್ತುಗಳಿರುವ ಹಟ್ಟಿ. ಚಪ್ಪಲಿಯನ್ನು ಬೇಲಿಯ ಹೊರಗೇ ಬಿಡಬೇಕು. ಬಿಟ್ಟ. ನೆಲ ಕಾದ ಹೆಂಚಾಗಿತ್ತು. ಬೇವಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ಯತ್ತಪ್ಪನಿಗೆ ಮೊದಲು ಕಂಡದ್ದು, ನಿಂತಲ್ಲಿ ನಿಲ್ಲದೆ ಕುಣಿಯುತ್ತ “ಹೇಳಬಾರದು, ಹೇಳಬಾರದು” ಎಂದು ತನಗೆ ತಾನೇ ಗೊಣಗುತ್ತ ಬರುವ ಒಬ್ಬ ಪ್ಯಾಂಟಿನವನು.

“ಯಾರ್ ಬೇಕಾಗಿತ್ತು?”

“ಪಾತಣ್ಣ.”

“ಏನ್ ಕೆಲ್ಸ?”

“ಏನಿಲ್ಲ. ಸುಮ್ನೆ ಮಾತಾಡಿಸ್ಬೇಕಿತ್ತು.”

“ಸುಮ್ನೆ ಮಾತಾಡ್ಸಾಕೆ ಇಂಥ ಬಿಸಿಲಾಗೆ ಬಂದ್ರಾ?”

“ಸಂಜೆಯೊಳಗೆ ಚಳ್ಳಕೆರೆಗೆ ವಾಪಸ್ ಹೋಗ್ಬೇಕು. ಡಾಕ್ಟರ್ ಕಾಯ್ತಿರ್ತಾರೆ.”

“ಯಾರಿಗೆ ಹುಷಾರಿಲ್ಲ?”

“ಅದನ್ನ ಹೇಳಂಗಿಲ್ಲ.”

“ಏನ್ ಕಾಯ್ಲೆ?”

“ಅದನ್ನೂ ಹೇಳಂಗಿಲ್ಲ,” ಎಂದು ರಾಮಾಂಜನೇಯ ಕಾಲು ಬದಲಿಸಿದ.

ಯತ್ತಪ್ಪನಿಗೆ ಎಲ್ಲ ಅರ್ಥವಾಯಿತು. “ಕ್ಯಾತಮ್ಮಾ, ಇಲ್ಲಿ ಬಾರಮ್ಮ!” ಎಂದು ಪಾತಣ್ಣನ ತಾಯಿಯನ್ನು ಕೂಗಿದ.

ಕ್ಯಾತಮ್ಮ ಬಂದು ನೋಡಿದವಳೇ ಎದೆ ಮುಟ್ಟಿಕೊಂಡಳು. “ಅಯ್ಯೋ ನನ್ನಪ್ಪ! ನನ್ ಮಗಂಗೂ ಹಿಂಗೇ ಸುರುವಾಗಿದ್ದು. ಏನ್ ಕೇಳಿದ್ರೂ ಹೇಳಂಗಿಲ್ಲ ಅಂಬ್ತಿದ್ದ.”

ಇಡೀ ಹಟ್ಟಿಗೆ ಗೊತ್ತಿದ್ದ ಗುಟ್ಟನ್ನು ರಾಮಾಂಜನೇಯನೊಬ್ಬನೇ ಕಾಪಾಡುತ್ತಿದ್ದ.

“ಕಾಯಿಲೆ ನನಗಲ್ಲಮ್ಮ!”

“ಅವ್ನೂ ಹಂಗೇ ಅಂಬ್ತಿದ್ದ,” ಎಂದು ಕ್ಯಾತಮ್ಮ ಸಮಾಧಾನದಿಂದ ಅವನ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು.

ನೆರಳಲ್ಲಿ ಕೂರಿಸಿ ಮುದ್ದೆ ಬಡಿಸಿದರು, ಮಜ್ಜಿಗೆ ಕುಡಿಸಿದರು. ಅರ್ಧ ಹಟ್ಟಿ ಸೇರಿತು, ಯಾರೂ ನಗಲಿಲ್ಲ. ಜುಂಜಮ್ಮ ಎಂಬ ಮುದುಕಿ ಪಕ್ಕದಲ್ಲೇ ಕೂತು ಸೆರಗಿನಿಂದ ಗಾಳಿ ಹಾಕಿದಳು. ತಿಂಗಳುಗಟ್ಟಲೆ ಹೋಟೆಲಿನಲ್ಲಿ ಉಂಡಿದ್ದ ರಾಮಾಂಜನೇಯನ ಕಣ್ಣು ತುಂಬಿ ಬಂತು. ಅದನ್ನೂ ಅವರು ಕಾಯಿಲೆಯ ಲೆಕ್ಕಕ್ಕೇ ಸೇರಿಸಿದರು.

ಅಷ್ಟರಲ್ಲಿ ಪಾತಣ್ಣ ಕುರಿ ಬಿಟ್ಟು ಬಂದ. ಕಣ್ಣು ಕೆಂಪಾಗಿತ್ತು, ನಿದ್ದೆ ಕೆಟ್ಟಿರುವುದು ಕಾಣುತ್ತಿತ್ತು.

“ನಿಂಗೆ ಆ ಆಸ್ಪತ್ರೆ ಗೊತ್ತೈತಲ್ಲ ಮಗಾ,” ಎಂದಳು ಕ್ಯಾತಮ್ಮ. “ಇವ್ರನ್ನ ಕರ್ಕಂಡೋಗಿ ತೋರಿಸ್ಕಂಡು ಬಾ.”

ಎರಡು ತಿಂಗಳಿಂದ ಅವ್ವ ಕಾಲು ಹಿಡಿದರೂ ಹೊರಡದವನು ಅಂಗಿ ಬದಲಿಸಿಕೊಂಡು ನಿಂತ. ನಿಜ ಹೇಳಲು ಬಾಯಿ ತೆರೆದ ರಾಮಾಂಜನೇಯ ಹಾಗೇ ಮುಚ್ಚಿಕೊಂಡ. ಇವನು ಬಂದರೆ ಸಾಕಿತ್ತು.

ಬಸ್ಸಿನಲ್ಲಿ ಪಾತಣ್ಣ ಅವನ ಕೈ ಬಿಡಲಿಲ್ಲ. “ಕಾಯ್ಲೆಯವ್ರು, ಗಾಳಿ ಬೇಕು, ಕಿಟಕಿ ಸೀಟ್ ಕೊಡ್ರಿ,” ಎಂದು ಕಂಡಕ್ಟರಿಗೆ ಕೂಗಿ ಹೇಳಿದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಶಿಬಿರದಲ್ಲಿ ಪಾತಣ್ಣ ಡಾಕ್ಟರ ಮುಂದೆ ಕೂತು ಎಲ್ಲಕ್ಕೂ ಉತ್ತರ ಹೇಳಿದ, ಮಾತ್ರೆಗಳನ್ನು ಟವೆಲಿನಲ್ಲಿ ಗಂಟು ಹಾಕಿಕೊಂಡ. ರಾಮಾಂಜನೇಯನಿಗೆ ಗೆದ್ದ ಖುಷಿ. ಹೊರಗೆ ಬಂದಮೇಲೆ ಮೆಲ್ಲಗೆ ನಿಜ ಹೇಳಿದ.

“ಪಾತಣ್ಣ, ಬೇಜಾರು ಮಾಡ್ಕೋಬೇಡಿ. ನನಗೇನೂ ಕಾಯಿಲೆ ಇಲ್ಲ.”

“ಗೊತ್ತು ಬಿಡಿ ಸಾರ್. ಹಿಂದೆ ಡಾಕ್ಟ್ರ ಪಕ್ಕ ಕುಂತು ಬರೀತಿದ್ರಲ್ಲ. ನೀವು ತಲೆ ಎತ್ತಲಿಲ್ಲ, ನಾನ್ ನೋಡಿದ್ದೆ.”

ರಾಮಾಂಜನೇಯ ತಬ್ಬಿಬ್ಬಾದ. “ಮತ್ತೆ ಹಟ್ಟಿಯಲ್ಲಿ ಯಾಕೆ ಹೇಳ್ಲಿಲ್ಲ?”

ಪಾತಣ್ಣ ಟವೆಲಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿದ. “ನಾನೊಬ್ನೇ ಬಸ್ ಹತ್ತಿದ್ರೆ ‘ತಲೆ ಕೆಟ್ಟೋನು ಹೊಂಟ’ ಅಂಬ್ತಾರೆ ಸಾರ್. ಅದಕ್ಕೇ ಬರೋದು ಬಿಟ್ಟಿದ್ದು. ಇವತ್ತು ‘ಪಾತಣ್ಣ ಕಾಯ್ಲೆಯವ್ರನ್ನ ತೋರಿಸ್ಕಂಡು ಬರಾಕೆ ಹೊಂಟ’ ಅಂದ್ರು. ಯತ್ತಪ್ಪ ಎದ್ದು ದಾರಿ ಬಿಟ್ಟ.”

ರಾಮಾಂಜನೇಯನ ಕೈ ಜೇಬಿನ ಪೆನ್ನಿಗೆ ಹೋಯಿತು. ಸಂಶೋಧನೆಗೆ ಬೇಕಾದ ಮಾತೇ. ಆದರೆ ಬರೆದುಕೊಳ್ಳಲು ಮನಸ್ಸಾಗಲಿಲ್ಲ.

“ಮುಂದಿನ ತಿಂಗಳೂ ಬರ್ತೀರಾ?”

“ನೀವು ಹಟ್ಟಿಗೆ ಬಂದ್ರೆ ಕರ್ಕಂಡ್ ಬರ್ತೀನಿ,” ಎಂದ ಪಾತಣ್ಣ. ಆಮೇಲೆ ಅವನ ಕೈ ಹಿಡಿದುಕೊಂಡು ಬೇಡಿಕೊಂಡ: “ಆದ್ರೆ ಸಾರ್, ದಯವಿಟ್ಟು ಬೇಗ ವಾಸಿ ಆಗ್ಬಿಡಬ್ಯಾಡ್ರಿ.”