ಆಟ ಬಿಟ್ಟು ಕತೆ ಹಿಡಿದದ್ದು

ಮೊಬೈಲ್ ಗೇಮ್ ಮಾಡುವ ಕೆಲಸದಿಂದ ಮಾಯಾಲೋಕದ ಕಾದಂಬರಿ ಬರೆಯುವ ಕೆಲಸಕ್ಕೆ ಬಂದವಳು ನಾನು. ನಮ್ಮ ಕುಂಬ್ರದ ಕಡೆ ಈ ಎರಡನ್ನೂ ಕೆಲಸವೆಂದು ಒಪ್ಪುವವರು ಕಡಿಮೆ. ಹಾಗಾಗಿ ನಾನು ಬಾಯಿ ತೆರೆದಲ್ಲೆಲ್ಲ ಒಂದೊಂದು ಪ್ರಸಂಗ ಆಗುತ್ತಲೇ ಇರುತ್ತದೆ.

ಹೆಣ್ಣು ನೋಡಲು ಬಂದವರು

ಸುಳ್ಯದಿಂದ ಒಂದು ಸಂಬಂಧ ಬಂದಿತ್ತು. ಕಾಫಿ ಆದ ಮೇಲೆ ಹುಡುಗನ ಮಾವ ಕೇಳಿದರು, "ಕೆಲಸ ಎಂತ?"

"ಗೇಮ್ ಡಿಸೈನ್. ಆಡುವವರು ಎಲ್ಲಿ ಗೆಲ್ಲಬೇಕು, ಎಲ್ಲಿ ಸೋಲಬೇಕು ಅಂತ ಮೊದಲೇ ನಾನು ನಿರ್ಧಾರ ಮಾಡುದು."

ಅವರು ಲೋಟ ಕೆಳಗಿಟ್ಟು ಗಂಭೀರವಾಗಿ ಅಮ್ಮನ ಕಡೆ ತಿರುಗಿದರು. "ಮನೆಯಲ್ಲಿಯೂ ಇದೇ ಕ್ರಮವಾ?"

ಆ ಸಂಬಂಧ ಕೂಡಿ ಬರಲಿಲ್ಲ.

ಮೂರು ಜೀವ

ನಾಲ್ಕು ವರ್ಷ ಕೂತು ಕಟ್ಟಿದ ಆಟವನ್ನು ಕಂಪೆನಿ ಒಂದು ಸೋಮವಾರ ನಿಲ್ಲಿಸಿಬಿಟ್ಟಿತು. ನಾನು ಕಲ್ಪಿಸಿದ ಊರು, ನದಿ, ಜನ ಎಲ್ಲವೂ ಫೋನಿನಿಂದ ಮಾಯ. ಕೆಲಸವೂ ಹೋಯಿತು. ಅಪ್ಪ ತೀರಿಕೊಂಡು ಆಗ ಆರು ತಿಂಗಳಾಗಿತ್ತಷ್ಟೆ. ಮನೆಯಲ್ಲಿ ಅಮ್ಮ ಮತ್ತು ನಾನು, ಮಾತು ಕಡಿಮೆ. ಆ ಊರನ್ನಾದರೂ ಉಳಿಸಿಕೊಳ್ಳೋಣ ಎಂದು ಕಾದಂಬರಿ ಬರೆಯತೊಡಗಿದೆ. ಬರೆದಷ್ಟನ್ನು ಸಂಜೆ ಅಮ್ಮನಿಗೆ ಓದಿ ಹೇಳುತ್ತಿದ್ದೆ.

ಮೂರನೇ ಅಧ್ಯಾಯದಲ್ಲಿ ದೋಣಿಯ ಅಂಬಿಗ ಸತ್ತ. ನಾಲ್ಕನೆಯದರಲ್ಲಿ ಎದ್ದು ಬಂದ.

"ಸತ್ತವ ಹೇಗೆ ಬಂದ?" ಅಮ್ಮ ಕೇಳಿದರು.

"ಅವನಿಗೆ ಮೂರು ಜೀವ ಉಂಟಮ್ಮ. ಗೇಮಿನಲ್ಲಿ ಹಾಗೆಯೇ."

ಬತ್ತಿ ಹೊಸೆಯುತ್ತಿದ್ದ ಅಮ್ಮನ ಕೈ ನಿಂತಿತು. "ನಿನ್ನ ಅಪ್ಪನಿಗೆ ಒಂದೇ ಇದ್ದದ್ದಲ್ವಾ."

ಅಪ್ಪ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.

ಮರುದಿನ ಎಲ್ಲವನ್ನೂ ತಿದ್ದಿದೆ. ನನ್ನ ಕಾದಂಬರಿಯಲ್ಲಿ ಇನ್ನು ಸತ್ತವರು ಸತ್ತರು, ಅಷ್ಟೆ. ಸಂಜೆ ಓದಿದಾಗ ಅಮ್ಮನಿಗೆ ಸಿಟ್ಟು ಬಂತು.

"ಇದೆಂತದು? ಅಂಬಿಗನಿಗೆ ಎರಡು ದಿನ ಜ್ವರ ಬರಿಸಿದ್ದರೆ ಸಾಕಿತ್ತು. ಕೊಲ್ಲು ಅಂತ ನಾನು ಹೇಳಿದ್ದಾ?"

ಇಲ್ಲದ ಅರಸ

ಪುಸ್ತಕ ಅಚ್ಚಾಯಿತು. ಕಡಬದ ಕೆಲವು ಓದುಗರು ಶಾಲೆಯ ಹಾಲ್‌ನಲ್ಲಿ ಬಿಡುಗಡೆ ಇಟ್ಟುಕೊಂಡರು. ಅತಿಥಿ ಒಬ್ಬ ನಿವೃತ್ತ ಮೇಷ್ಟ್ರು. ಅವರು ಓದಿದ್ದು ನನ್ನ ಕತೆಯ ಅರಸನ ಬಗ್ಗೆ ನಾಲ್ಕು ಸಾಲು ಇದ್ದ ಹಿಂಬದಿಯ ರಕ್ಷಾಪುಟ ಮಾತ್ರ ಎಂದು ಎರಡೇ ನಿಮಿಷದಲ್ಲಿ ಗೊತ್ತಾಯಿತು. "ಈ ಅರಸನ ಬಗ್ಗೆ ಇಂಥ ಸಂಶೋಧನೆ ಇದುವರೆಗೆ ಆಗಿರಲಿಲ್ಲ. ಅವನ ಕೋಟೆ ನಮ್ಮ ತಾಲೂಕಿನಲ್ಲೇ ಎಲ್ಲಿಯೋ ಹುದುಗಿ ಉಂಟು. ಸರಕಾರ ಕೂಡಲೇ ಅಗೆಸಬೇಕು!" ಚಪ್ಪಾಳೆ ನಿಲ್ಲಲೇ ಇಲ್ಲ.

ನನಗೆ ಧರ್ಮಸಂಕಟ. ಸುಮ್ಮನಿದ್ದರೆ ಸುಳ್ಳು, ಹೇಳಿದರೆ ಹಿರಿಯರಿಗೆ ಅವಮಾನ. ಕೊನೆಗೆ ನನ್ನ ಸರದಿ ಬಂದಾಗ ಕೈ ಮುಗಿದು ಹೇಳಿದೆ: "ಕ್ಷಮಿಸಬೇಕು. ಆ ಅರಸನೂ ಇಲ್ಲ, ಕೋಟೆಯೂ ಇಲ್ಲ. ಎಲ್ಲ ನನ್ನ ಕಲ್ಪನೆ."

ಮೇಷ್ಟ್ರು ತಲೆ ತಗ್ಗಿಸಿದರು. ಆಗ ಎದುರು ಸಾಲಿನಿಂದ ಒಬ್ಬ ಅಜ್ಜ, ಪಕ್ಕದ ಊರಿನ ಕೃಷಿಕರು, ಎದ್ದು ನಿಂತರು.

"ಇಲ್ಲ ಅಂತ ಹೇಗೆ ಹೇಳ್ತೀರಿ ಮಾರಾಯ್ರೆ? ಆ ಕೋಟೆಯ ಕಲ್ಲು ತಂದೇ ಅಲ್ವಾ ನಾವು ದನದ ಹಟ್ಟಿ ಕಟ್ಟಿದ್ದು!"