ಸುತ್ತಲೂ ಎರಡು ಬೆರಳು ಲೂಸ್

ಹೆಂಡತಿಯನ್ನು ಕಾಡಿಗಟ್ಟಿದ ಮಹಾಪುರುಷ ಎಂದು ನಮ್ಮ ಬೀದಿಯವರು ನನ್ನನ್ನು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ನಡೆದದ್ದನ್ನು ನಿಮ್ಮ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನಾನು ವೃತ್ತಿಯಲ್ಲಿ ದರ್ಜಿ. ನನ್ನಾಕೆ ಶಾಲೆಯಲ್ಲಿ ವಿಜ್ಞಾನದ ಟೀಚರ್. ಅವಳಿಗೆ ಹಕ್ಕಿಗಳೆಂದರೆ ಪ್ರಾಣ. (ಗಂಡ ಎಂದರೂ ಪ್ರಾಣವೇ, ಆದರೆ ಹಕ್ಕಿಗಳಾದ ಮೇಲೆ.) ರಜೆ ಬಂತೆಂದರೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಗುಡ್ಡದಾಚೆಯ ಕೆರೆಗೆ ಹೊರಟುಬಿಡುತ್ತಿದ್ದಳು. ಅಪಘಾತವಾಗಿ ಗಾಲಿಕುರ್ಚಿಗೆ ಬಂದ ಮೇಲೆ ಪಾಠ ಹೇಳುವುದು ನಿಲ್ಲಲಿಲ್ಲ, ನನ್ನನ್ನು ಬೈಯುವುದು ನಿಲ್ಲಲಿಲ್ಲ; ನಿಂತದ್ದು ಕೆರೆಗೆ ಹೋಗುವುದೊಂದೇ. ಕಾರು ಹೋಗುವ ದಾರಿ ಗುಡ್ಡದ ಬುಡಕ್ಕೇ ಮುಗಿಯುತ್ತದೆ. ಆಮೇಲೆ ಬರೀ ಕಲ್ಲು, ಕೊರಕಲು, ಕೆಸರು.

ಒಮ್ಮೆ ಅವಳ ಅಣ್ಣತಮ್ಮಂದಿರು ನಾಲ್ವರೂ ಬಂದು, ಕುರ್ಚಿಸಮೇತ ಅವಳನ್ನು ಹೊತ್ತು ಗುಡ್ಡ ಹತ್ತಿದರು. ಅರ್ಧ ದಾರಿಯಲ್ಲೇ ಅವರನ್ನು ವಾಪಸು ತಿರುಗಿಸಿಕೊಂಡು ಬಂದಳು.

"ಯಾಕೆ, ಸುಸ್ತಾಯ್ತಾ?" ಎಂದೆ.

"ಸುಸ್ತಾಗಿದ್ದು ಅವ್ರಿಗೆ. ಅವ್ರ ಏದುಸಿರಿಗೆ ಇದ್ದಬದ್ದ ಹಕ್ಕಿ ಎಲ್ಲಾ ಹಾರಿಹೋದ್ವು. ನನ್ನನ್ನ ನಾಲ್ಕು ಜನ ಹೊರೋಕೆ ಇನ್ನೂ ಟೈಮಿದೆ ಕಣ್ರೀ! ಹೋದ್ರೆ ನನ್ನಷ್ಟಕ್ಕೆ ನಾನು ಹೋಗ್ಬೇಕು. ಯಾರೂ ಕೈ ಹಾಕಬಾರ್ದು."

ಜೋರಾಗಿಯೇ ಅಂದಳು, ಆದರೆ ಕೊರಳ ದುರ್ಬೀನು ತೆಗೆದು ಕಪಾಟಿನೊಳಗಿಟ್ಟುಬಿಟ್ಟಳು. ಆ ಶುಭ ಮುಹೂರ್ತದಲ್ಲಿಯೇ ನನ್ನ ತಲೆಯಲ್ಲಿ ಮಹಾಯೋಜನೆಯೊಂದು ಉದಯಿಸಿತು: ನಾಲ್ಕೂ ಚಕ್ರ ಎಳೆಯುವ ಹಳೆಯ ವ್ಯಾನೊಂದನ್ನು ತಂದು, ಕಲ್ಲುಮುಳ್ಳು ಲೆಕ್ಕಿಸದೆ ಓಡುವ, ರಾತ್ರಿ ಇಬ್ಬರೂ ಮಲಗಬಹುದಾದ ಸಂಚಾರಿ ಅರಮನೆ ಮಾಡಿಸುವುದು!

ಗ್ಯಾರೇಜಿನ ಮೆಕ್ಯಾನಿಕ್ ನನ್ನ ಬಾಲ್ಯದ ಗೆಳೆಯ. "ಅಳತೆ ನೀನು ಕೊಡು, ಕಬ್ಬಿಣ ನಾನು ಕತ್ತರಿಸ್ತೀನಿ" ಎಂದ. ಅಲ್ಲೇ ಎಡವಟ್ಟಾದದ್ದು.

ದರ್ಜಿಯ ಕೈಗೆ ಟೇಪು ಕೊಟ್ಟರೆ ಏನಾಗುತ್ತದೆ? ಹೊಲಿದದ್ದು ಬಿಗಿಯಾಯಿತೆಂದರೆ ನಮ್ಮ ಕುಲಕ್ಕೇ ಅವಮಾನ. ಅದಕ್ಕೇ ಯಾರ ಅಳತೆ ತೆಗೆದರೂ ಸುತ್ತಲೂ ಎರಡು ಬೆರಳು ಲೂಸ್ ಬಿಡುತ್ತೇವೆ. ನಾನು ಕುರ್ಚಿಯ ಸೊಂಟ, ಭುಜ, ತೋಳು ಎಲ್ಲ ಅಳೆದು ಎರಡು ಬೆರಳು ಬಿಟ್ಟೆ. ಅದು ತಿರುಗುವ ಜಾಗಕ್ಕೆ ಇನ್ನೆರಡು. ತಿರುಗುವಾಗ ಮೊಣಕೈ ತಾಗದಿರಲೆಂದು ಮತ್ತೊಂದಿಷ್ಟು.

"ಲೋ, ಕುರ್ಚಿ ಏನು ಬೆಳೆಯೋ ಮಗುವೇನೋ?" ಎಂದ ಮೆಕ್ಯಾನಿಕ್.

"ಬಿಗಿಯಾದ್ರೆ ಅವ್ಳು ಬೈಯೋದು ನಿನ್ನನ್ನಲ್ಲ. ಇನ್ನೊಂಚೂರು ಬಿಡು."

ಹೀಗೆ ಬಿಡುತ್ತ ಬಿಡುತ್ತ ಮೊದಲು ಬಟ್ಟೆಯ ಕಪಾಟು ಹೋಯಿತು. ಆಮೇಲೆ ಸ್ಟೀರಿಂಗ್ ಪಕ್ಕದ ಸೀಟು. ಕೊನೆಗೆ ಅವಳ ಮಂಚದ ಎದುರುಗಡೆಯ ಮಡಚುವ ಮಂಚ.

"ಇದು ಯಾರ್ದು ಅಂತ ಜ್ಞಾಪಕ ಇದ್ಯಾ?" ಎಂದು ಮೆಕ್ಯಾನಿಕ್ ಕೇಳಿದ.

"ಯಾರ್ದಾದ್ರೇನು, ಮಂಡಿಗೆ ತಾಗುತ್ತೆ. ಕಿತ್ತುಹಾಕು!" ಎಂದೆ. ಉತ್ಸಾಹ ನೆತ್ತಿಗೇರಿದಾಗ ಮನುಷ್ಯನಿಗೆ ತನ್ನ ಮೈಮೇಲೆ ತನಗೇ ಪ್ರಜ್ಞೆ ಇರುವುದಿಲ್ಲ ನೋಡಿ.

ಲೋಕಾರ್ಪಣೆಯ ದಿನ ಬೀದಿಗೆ ಬೀದಿಯೇ ನೆರೆದಿತ್ತು. ಅವಳು ಗುಂಡಿ ಒತ್ತಿದಳು. ಹಿಂಬಾಗಿಲ ಲಿಫ್ಟ್ ನೆಲಕ್ಕಿಳಿಯಿತು. ಕುರ್ಚಿ ತಳ್ಳಿಕೊಂಡು ಅದರ ಮೇಲೆ ಹೋದಳು, ಮೇಲೇರಿದಳು. ಒಳಗೆ ಒಂದು ಸುತ್ತು ತಿರುಗಿದಳು; ಎಲ್ಲೂ ತಾಗಲಿಲ್ಲ. ನಗುತ್ತಾ ಇನ್ನೊಂದು ಸುತ್ತು ತಿರುಗಿದಳು. ಸ್ಟೀರಿಂಗ್ ಹಿಂದೆ ಹೋಗುತ್ತಿದ್ದಂತೆ ಕುರ್ಚಿ ನೆಲದ ಕೊಂಡಿಗೆ ಟಕ್ಕೆಂದು ಕೂತಿತು. ಬ್ರೇಕು, ಆಕ್ಸಿಲರೇಟರ್ ಎರಡೂ ಕೈಯಲ್ಲೇ. ಗ್ಯಾರೇಜಿನ ಮುಂದಿದ್ದ ಜಲ್ಲಿರಾಶಿಯ ಮೇಲೆ ಗಾಡಿಯನ್ನು ಸರಸರ ಹತ್ತಿಸಿ ಆಚೆ ಇಳಿಸಿದಾಗ ಜನ ಚಪ್ಪಾಳೆ ತಟ್ಟಿದರು. ನಾನು ಎಲ್ಲ ದಿಕ್ಕಿಗೂ ಕೈಮುಗಿದೆ.

"ಸರಿ, ನಾನು ಹತ್ತಲಾ?" ಎಂದೆ.

"ಹತ್ತಿ ಕೂತ್ಕೊಳ್ಳೋದೆಲ್ಲಿ?"

ಒಳಗೆ ಇಣುಕಿದೆ. ಎಲ್ಲಿ ನೋಡಿದರೂ ಲೂಸು.

"ನೆಲದ ಮೇಲೆ ಕೂತ್ಕೋತೀನಿ ಬಿಡೇ."

"ಬೆಲ್ಟಿಲ್ದೆ? ಮೊದಲ್ನೇ ಕೊರಕಲಿಗೇ ಕುಂಬಳಕಾಯಿ ಥರ ಉರುಳ್ತೀರಿ. ಅದಿರ್ಲಿ, ಮಲಗೋದೆಲ್ಲಿ?"

ಮೆಕ್ಯಾನಿಕ್ ಇದ್ದಕ್ಕಿದ್ದಂತೆ ಆಕಾಶದಲ್ಲಿ ಮೋಡ ನೋಡತೊಡಗಿದ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ದಾರಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ರೀ, ಮುಂದಿನ ಸಲ ನಿಮಗೂ ಸೀಟು ಹಾಕಿಸೋಣ. ಈ ಸಲ ನಾನೊಬ್ಳೇ ಹೋಗಿ ಬರ್ಲಾ?"

ಆ ಮುಖ ನೋಡಿ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. "ಹೋಗಿ ಬಾ" ಎಂದೆ. ಹೋಗಿಯೇಬಿಟ್ಟಳು! ಧೂಳು ಮಾತ್ರ ನನ್ನ ಪಾಲಿಗೆ ಉಳಿಯಿತು.

ಮನೆಗೆ ಬಂದು ಜೇಬಿಗೆ ಕೈ ಹಾಕಿದಾಗ ನೆನಪಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನನ್ನ ಬ್ಯಾಗನ್ನು ಗಾಡಿಯಲ್ಲಿಟ್ಟಿದ್ದೆ. ದಿಂಬು, ಸ್ವೆಟರು, ಕನ್ನಡಕ, ಮನೆಯ ಬೀಗದ ಕೈ ಸಕಲವೂ ಅದರಲ್ಲೇ. ಪ್ರವಾಸಕ್ಕೆ ನಾನೊಬ್ಬನನ್ನು ಬಿಟ್ಟು ನನ್ನದೆಲ್ಲವೂ ಹೋಗಿತ್ತು.

ಸಂಜೆಯ ಹೊತ್ತಿಗೆ ಫೋನ್ ಬಂತು.

"ರೀ, ನೀರಿನ ಅಂಚಿನವರೆಗೂ ಬಂದಿದೀನಿ. ನಾನೇ ಇಳ್ದೆ ಕಣ್ರೀ. ಯಾರೂ ಕೈ ಹಾಕ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ.

"ಅಳ್ತಿದೀರಾ?"

"ಸಂತೋಷಕ್ಕೆ ಕಣೇ. ಸ್ವಲ್ಪ ಬೀಗದ ಕೈಗೂ. ಅದು ನನ್ನ ಬ್ಯಾಗಲ್ಲಿದೆ, ನಾನು ಹೊರಗಿದೀನಿ."

"ಅಯ್ಯೋ ರಾಮ! ಅದಕ್ಕೇ ಅನ್ಕೊಂಡೆ, ಈ ದಿಂಬು ಎಲ್ಲಿಂದ ಬಂತೂಂತ. ಬೆನ್ನಿಗೆ ಎಷ್ಟು ಹಿತವಾಗಿದೆ ಗೊತ್ತಾ?"

"ನಾಳೆ ಬೇಗ ಬರ್ತೀಯ ತಾನೇ?"

"ನಾಡಿದ್ದು ಬರ್ತೀನಿ. ಶ್! ಮೆಲ್ಲಗೆ ಮಾತಾಡಿ, ಹಕ್ಕಿ ಹತ್ತಿರ ಬರ್ತಿದೆ."

ಫೋನ್ ಇಟ್ಟುಬಿಟ್ಟಳು. ನಾನು ಬೀಗ ಹಾಕಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ, ಪರಮ ಸಂತೋಷದಲ್ಲಿ ಕೂತೇ ಇದ್ದೆ.